ಎರಡು ಸೀಸೆ ಕಪ್ಪು ಪುಡಿ

ಹೋದ ತಿಂಗಳು ಬಿಎಸ್ಸಿ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಶಿರಸಿಗೆ ಹೋಗಿದ್ದೆ. ಲ್ಯಾಬಿನ ಮೂಲೆಯಲ್ಲಿ ಯಾರೋ ಹಳೆಯ ಎಲೆಕ್ಟ್ರೋಮ್ಯಾಗ್ನೆಟ್ಟಿಗೆ ಕರೆಂಟ್ ಕೊಟ್ಟರು. ಹತ್ತು ನಿಮಿಷಕ್ಕೆ ಅದರ ತಾಮ್ರದ ಸುರುಳಿ ಬಿಸಿಯಾಗಿ ವಾರ್ನಿಶ್ ವಾಸನೆ ಎದ್ದಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಮಾರ್ಕ್ಸ್ ಹಾಳೆ ಮೇಜಿನ ಮೇಲಿಟ್ಟು ಸುಮ್ಮನೆ ನಿಂತುಬಿಟ್ಟೆ. ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಕಳೆದ ಆ ಒಂದು ಮಳೆಗಾಲ ನೆನಪಾಯಿತು. ನನ್ನ ನೆನಪಿನಲ್ಲಿ ಈ ಲ್ಯಾಬಿನ ಬಾಗಿಲು ಪೂರ್ವಕ್ಕಿದೆ. ನೋಡಿದರೆ ಉತ್ತರಕ್ಕಿದೆ. ಬಾಗಿಲನ್ನು ಯಾರೂ ಬದಲಿಸಿಲ್ಲವಂತೆ, ವಿಚಾರಿಸಿದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಬಾಗಿಲಿನಷ್ಟು ತಪ್ಪು ಇನ್ನೆಲ್ಲಾದರೂ ಇರಬಹುದು. ಬರೆದಿಟ್ಟುಕೊಂಡ ಅಂಕಿಗಳಿಗೆ ಮಾತ್ರ ನಾನು ಜವಾಬ್ದಾರ.

ಆಗ ನನ್ನ ಪಿಎಚ್‌ಡಿ ಪ್ರಬಂಧ ಸಲ್ಲಿಸಿ ಮೂರು ತಿಂಗಳಾಗಿತ್ತು. ಫೆಲೋಶಿಪ್ ಮುಗಿದಿತ್ತು. ನಾನು ಸಿದ್ದಾಪುರದವನು. ಊರಿನಿಂದ ದಿನಾ ಬಸ್ಸಿನಲ್ಲಿ ಓಡಾಡಬಹುದಿತ್ತು, ಆದರೆ ಬೆಳಗಿನ ಮೊದಲ ತರಗತಿಯೇ ನನ್ನದು. ಶಿರಸಿಯಲ್ಲಿ ಸರೋಜಕ್ಕನ ಮನೆಯ ಹೊರಗಿನ ಕೋಣೆ ಹಿಡಿದೆ. ಸರೋಜಕ್ಕನಿಗೆ ಐವತ್ತೈದರ ಆಸುಪಾಸು. ಹಲಸಿನ ಹಪ್ಪಳ ಮಾಡಿ ಮಾರುವುದು ಅವರ ಉದ್ಯೋಗ. ಬೇಸಿಗೆಯಲ್ಲಿ ಬೀದಿಯ ಏಳೆಂಟು ಮನೆಯವರು ತಂತಮ್ಮ ಹಪ್ಪಳವನ್ನೂ ತಂದು ಅವರ ಅಟ್ಟದಲ್ಲಿ ಇಡುತ್ತಿದ್ದರು. ಅಡುಗೆಮನೆಯ ಒಲೆಯ ಮೇಲಿರುವ ಆ ಅಟ್ಟದಲ್ಲಿ ಇಟ್ಟದ್ದು ಶ್ರಾವಣ ಕಳೆದರೂ ಗರಿಗರಿ ಇರುತ್ತದೆ ಎಂದು ಬೀದಿಗೆಲ್ಲ ನಂಬಿಕೆ. ನಾನು ನಂಬಿರಲಿಲ್ಲ. ಆಮೇಲೆ ತಿಂದು ನೋಡಿದೆ.

ನನ್ನ ಪ್ರಬಂಧದ ವಿಷಯವನ್ನು ಸರೋಜಕ್ಕನಿಗೆ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ಒಂದು ವಸ್ತುವನ್ನು ಬಲವಾದ ಅಯಸ್ಕಾಂತದೊಳಗಿಟ್ಟು ರೇಡಿಯೋ ಅಲೆ ತಾಗಿಸಿದರೆ ಅದರೊಳಗಿನ ಪರಮಾಣು ಬೀಜಗಳು ಉತ್ತರ ಕೊಡುತ್ತವೆ. ಎನ್‌ಎಂಆರ್ ಎಂದರೆ ಆ ಉತ್ತರವನ್ನು ಕೇಳಿಸಿಕೊಳ್ಳುವ ವಿದ್ಯೆ. ಸಾಧು ವಸ್ತುಗಳಲ್ಲಿ ಪ್ರತಿ ಬೀಜದ ಉತ್ತರವೂ ಹಾಳೆಯ ಮೇಲೆ ತನ್ನ ಜಾಗದಲ್ಲಿ ಒಂದು ಚೂಪು ಗೆರೆಯಾಗಿ ನಿಲ್ಲುತ್ತದೆ. ಆದರೆ ಕಬ್ಬಿಣ, ಮ್ಯಾಂಗನೀಸ್ ಇರುವ ವಸ್ತುಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುತ್ತವೆ. ಇವನ್ನು ಪ್ಯಾರಾಮ್ಯಾಗ್ನೆಟಿಕ್ ವಸ್ತು ಎನ್ನುತ್ತಾರೆ, ಪಠ್ಯಪುಸ್ತಕದ ಕನ್ನಡದಲ್ಲಿ ಅನುಕಾಂತ ವಸ್ತು. ಆ ಎಲೆಕ್ಟ್ರಾನುಗಳು ಪಕ್ಕದ ಬೀಜದ ಗೆರೆಯನ್ನು ಎಲ್ಲಿಂದೆಲ್ಲಿಗೋ ಎಳೆದೊಯ್ಯುತ್ತವೆ, ಹಿಗ್ಗಿಸುತ್ತವೆ, ಎಷ್ಟೋ ಸಲ ನಾವು ಕಿವಿಗೊಡುವ ಮೊದಲೇ ಉತ್ತರ ಮುಗಿದುಹೋಗಿರುತ್ತದೆ. ಬುದ್ಧಿವಂತರು ಇಂಥ ವಸ್ತುಗಳನ್ನು ಮುಟ್ಟುವುದಿಲ್ಲ. ನಾನು ಐದು ವರ್ಷ ಅದನ್ನೇ ಮಾಡಿದೆ. ಬ್ಯಾಟರಿಗೆ ಬಳಸುವ ಫಾಸ್ಫೇಟಿನಲ್ಲಿ ಕಬ್ಬಿಣ ಕಡಿಮೆ ಮಾಡುತ್ತಾ ಮ್ಯಾಂಗನೀಸ್ ಹೆಚ್ಚಿಸುತ್ತಾ ಹೋದರೆ ರಂಜಕದ ಗೆರೆ ಹೇಗೆ ಸರಿಯುತ್ತದೆ ಎಂಬುದೇ ನನ್ನ ನಾಲ್ಕನೇ ಅಧ್ಯಾಯ.

"ಅಂದ್ರೆ ಕೂಗದ್ರೆ ಓ ಹೇಳ್ತ ಇಲ್ಯ ಹೇಳಿ ನೋಡದು," ಎಂದಿದ್ದರು ಸರೋಜಕ್ಕ.

"ಹೌದು. ಆದ್ರೆ ಇವು ಓ ಹೇಳದು ಬೇರೆ ಊರಿಂದ."

"ನಿಂಗೆ ಸಮಾ ಓ ಹೇಳ ವಸ್ತು ಯಾವ್ದೂ ಸಿಕ್ಕಿದ್ದಿಲ್ಯನಾ ಅಪಿ?"

ಜೂನ್ ಕೊನೆಗೆ ಪರೀಕ್ಷಕರ ವರದಿ ಬಂತು. ನಾಲ್ಕನೇ ಅಧ್ಯಾಯದಲ್ಲಿ ಅಕ್ಕಪಕ್ಕದ ಎರಡು ಮಿಶ್ರಣಗಳ ಗೆರೆಗಳು ಹಿಂದುಮುಂದಾಗಿವೆ ಎಂದು ಒಬ್ಬ ಪರೀಕ್ಷಕರು ಬರೆದಿದ್ದರು. ಮ್ಯಾಂಗನೀಸ್ ಹೆಚ್ಚಿರುವುದರ ಗೆರೆ ಇನ್ನೂ ದೂರ ಸರಿಯಬೇಕಿತ್ತು, ಅದು ಇನ್ನೊಂದಕ್ಕಿಂತ ತುಸು ಈಚೆಗೇ ಉಳಿದಿತ್ತು. "ಮಾದರಿಗಳು ಅದಲುಬದಲಾಗಿಲ್ಲ ಎಂಬುದಕ್ಕೆ ಅಭ್ಯರ್ಥಿಯ ಬಳಿ ಏನು ಆಧಾರವಿದೆ?"

ಓದಿದ ಕೂಡಲೇ ನನಗೆ ಎಲ್ಲ ನೆನಪಾಯಿತು. ಬೆಂಗಳೂರಿನ ಲ್ಯಾಬ್. ಮಧ್ಯಾಹ್ನ. ಪೆನ್ಸಿಲಿಗಿಂತ ಸಣ್ಣ ಪಿಂಗಾಣಿ ಕೊಳವೆಗೆ ಪುಡಿ ತುಂಬುತ್ತಿದ್ದೇನೆ. ಆ ಕೊಳವೆಗೆ ರೋಟರ್ ಎನ್ನುತ್ತಾರೆ. ಅದನ್ನು ಅಯಸ್ಕಾಂತದೊಳಗೆ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸಿದರೆ ಹಿಗ್ಗಿದ ಗೆರೆ ಕಿರಿದಾಗುತ್ತದೆ. ಎಡಗೈಯಲ್ಲಿ ಪುಟ್ಟ ಆಲಿಕೆ. ಫೋನ್ ಹೊಡೆದುಕೊಳ್ಳುತ್ತದೆ. ಶಿರಸಿಯ ಕಾಲೇಜಿನ ಗುಮಾಸ್ತರು, ನಿಮ್ಮ ಅರ್ಜಿ ಬಂದಿದೆ ಎನ್ನುತ್ತಾರೆ. ಮಾತಾಡಿ ಫೋನ್ ಇಡುತ್ತೇನೆ. ಕೈ ಹೋಗುವುದು ಪಕ್ಕದ ಸೀಸೆಗೆ. ತಪ್ಪು ಸೀಸೆಗೆ.

ಎಷ್ಟು ಸಲ ನೆನೆದರೂ ಕೈ ಆ ಸೀಸೆಗೇ ಹೋಗುತ್ತಿತ್ತು. ಪ್ರತಿ ಸಲವೂ ಒಂದು ಹೊಸ ವಿವರ ಸೇರುತ್ತಿತ್ತು. ಮುಚ್ಚಳದ ಮೇಲಿನ ಗೀರು, ಕಿಟಕಿಯಾಚೆಯ ಜೆಸಿಬಿ ಸದ್ದು. ಅದಲುಬದಲು ನಿಜವಾದರೆ ನಾಲ್ಕನೇ ಅಧ್ಯಾಯ ಸುಳ್ಳು. ಅದರಿಂದ ಹುಟ್ಟಿದ ಲೇಖನ ಆಗಲೇ ಅಚ್ಚಾಗಿತ್ತು, ಅದನ್ನು ಹಿಂದಕ್ಕೆ ಪಡೆಯಬೇಕು. ನನ್ನ ಹೆಸರಿನ ಜೊತೆ ನಮ್ಮ ಗೈಡ್ ಮೇಡಂ ಹೆಸರೂ ಅಲ್ಲಿತ್ತು.

ಪರೀಕ್ಷಿಸಲು ಒಂದೇ ದಾರಿ. ಮೂಲ ಪುಡಿ ಬೆಂಗಳೂರಿನಲ್ಲಿ ಮುಗಿದಿತ್ತು. ಆದರೆ ಅಳತೆ ಮುಗಿದ ಮೇಲೆ ಎರಡು ರೋಟರುಗಳಿಂದ ಹೊರತೆಗೆದ ಪುಡಿಯನ್ನು, ಬೇರೆ ಬೇರೆ ದಿನ, ಎರಡು ಸೀಸೆಗೆ ತುಂಬಿ, ಯಾವ ರೋಟರಿನದೋ ಆ ಸಂಖ್ಯೆಯ ಚೀಟಿ ಅಂಟಿಸಿ ಇಟ್ಟುಕೊಂಡಿದ್ದೆ. ಒಂದು, ಎರಡು. ಎರಡನೆಯದರಲ್ಲಿ ಮ್ಯಾಂಗನೀಸ್ ಹೆಚ್ಚಿದ್ದರೆ ನಾನು ಬರೆದದ್ದು ಸರಿ. ಒಂದನೆಯದರಲ್ಲಿ ಹೆಚ್ಚಿದ್ದರೆ ನನ್ನ ನೆನಪು ಸರಿ. ಆ ಸೀಸೆಗಳು ನನ್ನ ಜೊತೆ ಶಿರಸಿಗೇ ಬಂದಿದ್ದವು, ಕೋಣೆಯ ಕಪಾಟಿನಲ್ಲಿ, ರಟ್ಟಿನ ಡಬ್ಬಿಯಲ್ಲಿ.

ಕಪಾಟು ತೆಗೆದರೆ ಡಬ್ಬಿ ಇರಲಿಲ್ಲ.

"ಆ ಸೀಸೆನಾ?" ಸರೋಜಕ್ಕ ಒಲೆಯ ಮುಂದೆ ಕೂತು ಅಕ್ಕಿ ಹುರಿಯುತ್ತಿದ್ದರು. "ಹಂಚು ಸೋರಿ ಡಬ್ಬಿ ನೆಂದು ಮುದ್ದೆ ಆಗಿತ್ತು. ಆನು ಅಟ್ಟಕ್ಕೆ ಇಟ್ಟಿದ್ದಿ."

ಏಣಿ ಹತ್ತಿ ತಂದೆ. ಎರಡು ಬೋಳು ಸೀಸೆಗಳು. ಎರಡರಲ್ಲೂ ಕಾಡಿಗೆಯಂಥ ಕಪ್ಪು ಪುಡಿ. ಚೀಟಿ ಇಲ್ಲ.

"ಚೀಟಿ ಎಲ್ಲಿ ಸರೋಜಕ್ಕಾ?"

"ಬೂಷ್ಟು ಹಿಡದಿತ್ತು. ಕಿತ್ತು ಒಲೆಗೆ ಹಾಕ್ದಿ."

ನಾನು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ, ಒಳ್ಳೆಯ ಮಾತಂತೂ ಅಲ್ಲ. ಸೀಸೆ ತೆಗೆದು ಬೆಳಕಿಗೆ ಹಿಡಿದೆ. ಪುಡಿಯೊಳಗೆ ಏನೋ ಗಟ್ಟಿಯಾದ್ದು ಅಲುಗಾಡುತ್ತಿತ್ತು. ಹಾಳೆಯ ಮೇಲೆ ಸುರಿದೆ. ಅಕ್ಕಿ ಕಾಳು. ಹುರಿದ ಅಕ್ಕಿ. ಐದು ವರ್ಷದ ಕೆಲಸದ ಉಳಿದ ಚಿಟಿಕೆ ಪುಡಿಯಲ್ಲಿ ಅಕ್ಕಿ ಕಾಳು.

"ಇದೆಂತ ಮಾಡಿಟ್ರಿ? ಉಪ್ಪಿನ ಡಬ್ಬಿಯನ್ರಿ ಇದು?"

"ದನಿ ತಗ್ಸಾ. ಥಂಡಿ ಹಿಡೀದೇ ಇರ್ಲಿ ಹೇಳಿ ಹಾಕಿದ್ದು. ಗುರ್ತಿಗೂ ಆತು. ಎಣಿಸು ಅದ್ನ."

ಎಣಿಸಿದೆ. ಈ ಸೀಸೆಯಲ್ಲಿ ಎರಡು ಕಾಳು. ಇನ್ನೊಂದನ್ನು ಸುರಿದೆ. ಒಂದು.

"ನಿನ್ನ ಚೀಟಿ ಮೇಲೆ ಒಂದು ಹೇಳಿ ಇದ್ದಿದ್ದಕ್ಕೆ ಒಂದು ಕಾಳು, ಎರಡು ಹೇಳಿ ಇದ್ದಿದ್ದಕ್ಕೆ ಎರಡು. ಚೀಟಿ ಕೀಳಕ್ಕಿಂತ ಮೊದ್ಲೇ ಹಾಕಿದ್ದಿ. ಮಳೆಗಾಲದಲ್ಲಿ ಕಾಗ್ದ ನಂಬ್ಲಾಗ ಅಪಿ. ಶಾಯಿ ಹೋಗ್ತು, ಅಂಟು ಹೋಗ್ತು, ಜಿರಲೆ ತಿಂತು. ಹಪ್ಳದ ಡಬ್ಬಿಗೂ ಹಾಂಗೇ. ಅಲ್ಲಾದ್ರೆ ಹುಣಸೆಬೀಜ. ನಿನ್ನ ಸೀಸೆ ಬಾಯಲ್ಲಿ ಅದು ಹೋಗ್ತಿಲ್ಲೆ."

ಆ ಅಟ್ಟದ ಡಬ್ಬಿಗಳಿಗೆ ಹೆಸರಿನ ಚೀಟಿ ಇಲ್ಲವೆಂಬುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ. ಪ್ರತಿ ಡಬ್ಬಿಯ ತಳದಲ್ಲಿ ಎಣಿಸಿ ಹಾಕಿದ ಹುಣಸೆಬೀಜ. ಇಷ್ಟು ಬೀಜ ಎಂದರೆ ಇಂಥ ಮನೆ. ಅವರ ಅತ್ತೆಯ ಕಾಲದಿಂದಲೂ ಹಾಗೆಯೇ ಅಂತೆ. ಎಲ್ಲ ಸರಿ. ಆದರೆ ಒಬ್ಬರ ಬಾಯಿಮಾತನ್ನು ಪರೀಕ್ಷಕರ ಮುಂದೆ ಆಧಾರವೆಂದು ಇಡುವುದು ಹೇಗೆ? ನನ್ನ ಮುಖ ನೋಡಿಯೇ ಸರೋಜಕ್ಕನಿಗೆ ಗೊತ್ತಾಯಿತು.

"ಅನುಮಾನ ಇದ್ರೆ ಅಟ್ಟ ಹತ್ತು. ಯಾವ ಡಬ್ಬಿ ಬೇಕಾದ್ರೂ ತೆಗಿ. ಆನು ಇಲ್ಲಿಂದ್ಲೇ ಹೇಳ್ತೆ, ಯಾರ ಮನೇದು, ಎಷ್ಟು ಬೀಜ."

ಸಭ್ಯನಾದವನು ಬೇಡ ಎನ್ನುತ್ತಿದ್ದ. ನಾನು ನೋಟುಬುಕ್ಕು ಹಿಡಿದು ಏಣಿ ಹತ್ತಿದೆ. ಅವರು ಕೆಳಗೆ ಅಕ್ಕಿ ಹುರಿಯುತ್ತಲೇ ಇದ್ದರು, ನಾನು ಡಬ್ಬಿಯ ಬಣ್ಣ ಕೂಗಿದರೆ ಅವರು ಉತ್ತರ ಕೂಗುತ್ತಿದ್ದರು. ಹಸಿರು ಡಬ್ಬಿ, ಮೂಲೆಮನೆ ಟೀಚರದ್ದು, ಮೂರು. ಸರಿ. ತುಕ್ಕು ಹಿಡಿದದ್ದು, ಟೈಲರ್ ಮನೆಯದ್ದು, ಏಳು. ಸರಿ. ಹೀಗೇ ನಾಲ್ಕು ಸರಿಯಾದವು. ಐದನೆಯದಕ್ಕೆ "ಐದು" ಎಂದರು. ನಾನು ಹಪ್ಪಳ ಸರಿಸಿ ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ. ಸುಳ್ಳು ಹಿಡಿದವನ ಖುಷಿ ನನಗಾಗಬಾರದಿತ್ತು, ನನ್ನ ಕುತ್ತಿಗೆಯೇ ಆ ಲೆಕ್ಕದ ಮೇಲಿತ್ತಲ್ಲ. ಆದರೂ ಆಯಿತು.

"ಐದಲ್ಲ ಸರೋಜಕ್ಕಾ, ನಾಕೇ ಇದ್ದು!"

"ಡಬ್ಬಿ ತಳಕ್ಕೆ ಕಾಗ್ದ ಹಾಸಿದ್ದು. ಅದ್ರ ಕೆಳಗೆ ನೋಡಾ."

ಕಾಗದ ಎತ್ತಿದೆ. ಐದನೇ ಬೀಜ ಮೂಲೆಯಲ್ಲಿ ಕೂತಿತ್ತು. ಉಳಿದ ಡಬ್ಬಿಗಳನ್ನೂ ನೋಡಿದೆ. ಒಂದೂ ತಪ್ಪಿರಲಿಲ್ಲ. ಇಳಿದು ಬಂದಾಗ ಅವರು ಕೇಳಿದ್ದು ಇಷ್ಟೇ: "ಆತ? ಆಸ್ರಿಗೆ ಕುಡಿಯಲೆ ಎಂತಾರೂ ಕೊಡ್ಲ? ಮೈ ತುಂಬ ಮಸಿ ಮಾಡ್ಕಂಡೆ."

ಇನ್ನು ಉಳಿದದ್ದು ಯಾವುದರಲ್ಲಿ ಮ್ಯಾಂಗನೀಸ್ ಹೆಚ್ಚು ಎಂಬ ಪ್ರಶ್ನೆ. ಬೆಂಗಳೂರಿನ ಯಂತ್ರದ ಸರದಿ ಸಿಗಲು ಎರಡು ತಿಂಗಳು ಬೇಕು, ಉತ್ತರಕ್ಕೆ ವಿಶ್ವವಿದ್ಯಾಲಯ ಕೊಟ್ಟದ್ದು ಮೂರು ವಾರ. ಆದರೆ ಕಾಲೇಜಿನಲ್ಲಿ ಆ ಹಳೆಯ ಎಲೆಕ್ಟ್ರೋಮ್ಯಾಗ್ನೆಟ್ ಇತ್ತು. ಸಣ್ಣ ಗಾಜಿನ ಕೊಳವೆಗೆ ಪುಡಿ ತುಂಬಿ, ತಕ್ಕಡಿಯಿಂದ ನೂಲಿನಲ್ಲಿ ಅದರ ಧ್ರುವಗಳ ನಡುವೆ ತೂಗಬಿಟ್ಟು ಕರೆಂಟ್ ಹಾಕಿದರೆ ಅಯಸ್ಕಾಂತ ಪುಡಿಯನ್ನು ಒಳಗೆಳೆಯುತ್ತದೆ, ತೂಕ ಹೆಚ್ಚಾದಂತೆ ಕಾಣುತ್ತದೆ. ಮ್ಯಾಂಗನೀಸ್ ಹೆಚ್ಚಿದ್ದಷ್ಟೂ ಎಳೆತ ಹೆಚ್ಚು. ಬಿಎಸ್ಸಿ ಮಕ್ಕಳು ಮಾಡುವ ಪ್ರಯೋಗ.

ಲ್ಯಾಬಿನ ಅಟೆಂಡರ್ ಇಸ್ಮಾಯಿಲ್ ಭಾಯಿ ಯಲ್ಲಾಪುರದವರು, ನಿವೃತ್ತಿಗೆ ಒಂದು ವರ್ಷವಿತ್ತು. ವಾರವಿಡೀ ಶಿರಸಿಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ಆ ಯಂತ್ರ ಅವರ ಮಾತು ಮಾತ್ರ ಕೇಳುತ್ತದೆ ಎಂದು ಎಲ್ಲ ಹೇಳುತ್ತಿದ್ದರು. ಸುರುಳಿ ಹೆಚ್ಚು ಬಿಸಿಯಾದರೆ ಅಳತೆ ಕೆಡುತ್ತದೆಂದು ತಿಳಿದು ಅವರು ನಡುನಡುವೆ ಅದಕ್ಕೆ ವಿಶ್ರಾಂತಿ ಕೊಡುತ್ತಿದ್ದರು, ಅಷ್ಟೇ.

ಮೊದಲ ದಿನ ಕರೆಂಟ್ ಇರಲಿಲ್ಲ. ಎಲ್ಲೋ ಮರ ಬಿದ್ದು ಲೈನು ಹರಿದಿತ್ತು. ಎರಡನೆಯ ದಿನವೂ ಇಲ್ಲ. ನಾನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. "ಸಾರ್, ಕೂತ್ಕೊಳ್ರಿ. ನೀವು ತಿರುಗಿದ್ರ ಕರೆಂಟ್ ಹುಟ್ಟೂದಿಲ್ಲ," ಎಂದರು ಇಸ್ಮಾಯಿಲ್ ಭಾಯಿ. ಮೂರನೆಯ ದಿನ ಹನ್ನೊಂದಕ್ಕೆ ಫ್ಯಾನು ತಿರುಗಿತು.

ಎರಡು ಕೊಳವೆಗೂ ಒಂದೇ ತೂಕದ ಪುಡಿ ತುಂಬಿ, ಒಂದು, ಎರಡು ಎಂದು ಗುರುತು ಮಾಡಿದೆ. ಇಕ್ಕಳದಿಂದ ಅಕ್ಕಿ ತೆಗೆದದ್ದಾಗಿತ್ತು. ಎರಡನ್ನೂ ಮೇಜಿಗೆ ಮೂವತ್ತು ಸಲ ತಟ್ಟಿ, ಪುಡಿ ಒಂದೇ ಎತ್ತರಕ್ಕೆ ಕೂರುವಂತೆ ಮಾಡಿದೆ. ಆಮೇಲೆ ಇಸ್ಮಾಯಿಲ್ ಭಾಯಿಗೆ ಹೇಳಿದೆ: "ಯಾವುದನ್ನ ಕಟ್ತೀರಿ ಅಂತ ನಂಗೆ ಹೇಳಬ್ಯಾಡ್ರಿ. ಆರು ಸಲ ಕಟ್ರಿ, ನಿಮಗೆ ತಿಳಿದ ಸರದಿಯಲ್ಲಿ. ನೀವು ನಿಮ್ಮ ಚೀಟೀಲಿ ಬರಕೊಳ್ರಿ. ನೀವು ಕಟ್ಟುವಾಗ ನಾನು ಆ ಕಡೆ ಮುಖ ಮಾಡ್ತೀನಿ, ಆಮೇಲೆ ತಕ್ಕಡೀಲಿ ಬರೀ ತೂಕ ಓದ್ತೀನಿ."

ಅವರು ನನ್ನನ್ನೇ ನೋಡಿದರು. "ನಿಮ್ಮ ಮ್ಯಾಲೆ ನಿಮಗೇ ನಂಬಿಕಿ ಇಲ್ಲೇನ್ರಿ?"

"ಇಲ್ಲ."

"ಮತ್ತ ನನ್ನ ಮ್ಯಾಲೆ?"

"ನಿಮಗೆ ಯಾವುದು ಹೆಚ್ಚು ಬರಬೇಕು ಅಂತ ಗೊತ್ತಿಲ್ಲ. ಅದಕ್ಕೇ ನಂಬಿಕೆ."

"ಇಪ್ಪತ್ತೆಂಟು ವರ್ಷದಾಗ ಯಾವ ಸಾರೂ ಹಿಂಗ ಹೊಗಳಿರಲಿಲ್ಲ ಬಿಡ್ರಿ," ಎಂದು ನೂಲು ಕೈಗೆತ್ತಿಕೊಂಡರು.

ಆರು ಅಂಕಿಗಳನ್ನು ಬರೆದೆ. ಪ್ರತಿ ಸಲ ಕರೆಂಟ್ ಹಾಕಿದಾಗಲೂ ಟ್ಯೂಬ್‌ಲೈಟ್ ಸ್ವಲ್ಪ ಮಂಕಾಗುತ್ತಿತ್ತು. ನಾಲ್ಕನೆಯ ಸಲಕ್ಕೆ ಆ ವಾರ್ನಿಶ್ ವಾಸನೆ ಬಂತು, ಇಸ್ಮಾಯಿಲ್ ಭಾಯಿ ಸ್ವಿಚ್ ಆರಿಸಿ ಕಾಲು ಗಂಟೆ ಕಾಯಿಸಿದರು. ಆ ಕಾಲು ಗಂಟೆಯನ್ನು ನಾನು ಹೇಗೆ ಕಳೆದೆ ಎಂದು ಹೇಳಿದರೆ ಅದು ಕಲ್ಪನೆಯಾದೀತು. ಕೊನೆಗೆ ನನ್ನ ಹಾಳೆಯಲ್ಲಿ ಮೂರು ಅಂಕಿ ದೊಡ್ಡವು, ಮೂರು ಅಂಕಿ ಚಿಕ್ಕವು, ನಡುವೆ ಸ್ಪಷ್ಟ ಅಂತರ. ಯಾವುದು ಯಾವುದು ಎಂಬುದು ಇಸ್ಮಾಯಿಲ್ ಭಾಯಿಯ ಜೇಬಿನಲ್ಲಿತ್ತು.

"ಓದ್ಲ್ಯಾ?"

"ಓದಿ."

"ಮೊದಲ್ನೇ ಸಲ, ಎರಡು." ನನ್ನ ಅಂಕಿ ದೊಡ್ಡದು. "ಎರಡನೇ ಸಲ, ಒಂದು." ಚಿಕ್ಕದು. "ಮೂರನೇ ಸಲ, ಮತ್ತ ಒಂದು." ಚಿಕ್ಕದು. "ನಾಕು, ಎರಡು. ಐದು, ಒಂದು. ಆರು, ಎರಡು." ದೊಡ್ಡದು, ಚಿಕ್ಕದು, ದೊಡ್ಡದು.

ಎರಡನೇ ಸೀಸೆಯಲ್ಲಿಯೇ ಮ್ಯಾಂಗನೀಸ್ ಹೆಚ್ಚಿತ್ತು. ಅದಲುಬದಲಾಗಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತೆ. 

ಮೇಡಂಗೆ ಫೋನ್ ಮಾಡಿದೆ. ಅವರು ನನ್ನ ಅಂಕಿಗಳನ್ನು ಕೇಳಿಸಿಕೊಂಡು, "ಸರಿ, ಹಾಗಾದ್ರೆ ಎರಡನೇದ್ರ ಗೆರೆ ಯಾಕೆ ಈಚೆ ಉಳೀತು? ಎರಡೂ ರೋಟರ್‌ನ ಒಂದೇ ಸ್ಪೀಡಲ್ಲಿ ತಿರುಗಿಸಿದ್ರಾ?" ಎಂದರು.

"ಇಲ್ಲ ಮೇಡಂ. ಗೆರೆ ಇನ್ನೂ ಚೂಪಾಗಲಿ ಅಂತ ಎರಡನೇದನ್ನ ಜಾಸ್ತಿ ಸ್ಪೀಡಲ್ಲಿ."

"ಅಷ್ಟು ಜೋರಾಗಿ ತಿರುಗಿದ್ದು ಗಾಳಿಗೆ ಉಜ್ಜಿ ಬಿಸಿಯಾಗಲ್ವೇನ್ರೀ? ಬಿಸಿಯಾದ್ರೆ ಇಂಥ ವಸ್ತುಗಳಲ್ಲಿ ಗೆರೆ ಹಿಂದಕ್ಕೆ ಬರತ್ತೆ. ಅದು ತನ್ನ ಉಷ್ಣತೆಯನ್ನ ತಾನೇ ಬರೆದು ಕೊಟ್ಟಿದೆ. ನೀವು ಓದಿಲ್ಲ, ನಾನೂ ಓದಿಲ್ಲ."

ಐದು ವರ್ಷ ಓದಿದವನಿಗೆ ಹೊಳೆಯಬೇಕಾದ ಮಾತು. ಹೊಳೆಯದೇ ಇದ್ದದ್ದಕ್ಕೆ ಕಾರಣ ಇಷ್ಟೇ: ನನ್ನ ಬಳಿ ಆಗಲೇ ಒಂದು ಕಾರಣವಿತ್ತು, ಅಷ್ಟು ಸ್ಪಷ್ಟವಾದ ನೆನಪು. ಅವತ್ತು ಸಂಜೆ ಹಳೆಯ ಫೋನ್ ಚಾರ್ಜಿಗೆ ಹಾಕಿ, ಕಾಲೇಜಿನ ಗುಮಾಸ್ತರ ಆ ಕರೆಯನ್ನು ಹುಡುಕಿದೆ. ಲ್ಯಾಬ್ ನೋಟುಬುಕ್ಕಿನ ದಿನಾಂಕದ ಜೊತೆ ಹೋಲಿಸಿದೆ. ರೋಟರ್ ತುಂಬಿದ ಮೂರು ದಿನದ ಮೇಲೆ ಕರೆ ಬಂದಿತ್ತು. ಪುಡಿ ತುಂಬುವಾಗ ಯಾವ ಫೋನೂ ಹೊಡೆದುಕೊಂಡಿರಲಿಲ್ಲ. ಪ್ರಪಂಚದ ಎಲ್ಲದರ ಮೇಲೂ ಅನುಮಾನ ಪಡುವ ನಾನು ಇದನ್ನು ಮೊದಲ ದಿನವೇ ನೋಡಬಹುದಿತ್ತು. ಸರೋಜಕ್ಕನ ಡಬ್ಬಿಗಳನ್ನೆಲ್ಲ ಎಣಿಸಿದವನಿಗೆ ತನ್ನ ತಲೆಯೊಳಗಿನದನ್ನು ಎಣಿಸಿ ನೋಡಬೇಕೆಂದು ಅನಿಸಲೇ ಇಲ್ಲ.

ಪರೀಕ್ಷಕರಿಗೆ ಉತ್ತರ ಬರೆಯುವಾಗ ಚೀಟಿ ಹೋದದ್ದನ್ನೂ ಅಕ್ಕಿ ಕಾಳಿನ ಗುರುತನ್ನೂ ಮುಚ್ಚಿಡಲಿಲ್ಲ. ಉಷ್ಣತೆಯ ತಿದ್ದುಪಡಿ ಹಾಕಿದ ಹೊಸ ಚಿತ್ರವನ್ನೂ ಸೇರಿಸಿದೆ. ಬರೆದದ್ದನ್ನು ಕನ್ನಡದಲ್ಲಿ ಸರೋಜಕ್ಕನಿಗೆ ಓದಿ ಹೇಳಿ, ಸರಿಯೇ ಎಂದು ಕೇಳಿದೆ. ಅವರು, "ಮನೆ ಹಂಚು ಸೋರದೂ ಬರದ್ದೆ? ಅದೊಂದು ತೆಗಿ," ಎಂದರು. ತೆಗೆಯಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದರು.

ಉತ್ತರ ಬಂದದ್ದು ಆಗಸ್ಟಿನ ಒಂದು ಭಾನುವಾರ, ನಾನು ಯಲ್ಲಾಪುರದಲ್ಲಿ ಇಸ್ಮಾಯಿಲ್ ಭಾಯಿಯ ಮನೆಗೆ ಊಟಕ್ಕೆ ಹೋಗಿದ್ದಾಗ. ಮೇಡಂ ಕಳಿಸಿದ ಎರಡು ಸಾಲು. ವಿವರಣೆ ಒಪ್ಪಿಗೆಯಾಗಿದೆ, ಮೌಖಿಕ ಪರೀಕ್ಷೆಗೆ ದಿನ ಗೊತ್ತುಮಾಡಬಹುದು. ಫೋನನ್ನು ಹಾಗೇ ಇಸ್ಮಾಯಿಲ್ ಭಾಯಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಆ ಎರಡು ಸಾಲನ್ನು ನಿಧಾನವಾಗಿ ಓದಿದರು.

"ಅಂದ್ರ ನೀವು ತಪ್ಪು ಮಾಡಿರಲಿಲ್ಲ."

"ಮಾಡಿರಲಿಲ್ಲ."

"ಆದ್ರೂ ಮಾಡಿದ್ದು ನೆನಪೈತಿ?"

"ಈಗ್ಲೂ ಐತಿ. ಆಲಿಕೆ ಕೈಯಲ್ಲಿದೆ, ಫೋನ್ ಬರ್ತದೆ, ತಪ್ಪು ಸೀಸೆ ಎತ್ತಿಕೊಳ್ತೀನಿ."

ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಳಗೆ ತಿರುಗಿ ಹೆಂಡತಿಗೆ ಉರ್ದುವಿನಲ್ಲಿ ಏನೋ ಕೂಗಿ ಹೇಳಿದರು, ಒಳಗಿನಿಂದಲೂ ನಗು ಕೇಳಿಸಿತು. "ಇರ್ಲಿ ಬಿಡ್ರಿ ಸಾರ್. ಅದು ಬರ್ತಿರ್ಲಿ, ಹೋಗ್ತಿರ್ಲಿ. ನೀವು ಉಣ್ರಿ."

ಉಂಡೆ. ಆ ಮಳೆಗಾಲದಲ್ಲಿ ಹೊಟ್ಟೆ ತುಂಬ ಉಂಡದ್ದು ಅವತ್ತೇ ಮೊದಲು ಎಂದು ಬರೆಯಲು ಕೈ ಓಡುತ್ತದೆ. ಆದರೆ ಸರೋಜಕ್ಕ ನನ್ನನ್ನು ಒಂದು ದಿನವೂ ಅರೆಹೊಟ್ಟೆಯಲ್ಲಿ ಬಿಟ್ಟವರಲ್ಲ, ಮಾತು ಬಿಟ್ಟ ಆ ಎರಡು ದಿನವೂ ಬಡಿಸಿದ್ದರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ, ಊಟ ಮುಗಿಸಿ ಇಸ್ಮಾಯಿಲ್ ಭಾಯಿಯ ಜಗುಲಿಯ ಚಾಪೆಯ ಮೇಲೆ ಕೊನೆಯ ಬಸ್ಸಿನ ಹೊತ್ತಿನವರೆಗೂ ನಿದ್ದೆ ಮಾಡಿದೆ. ಇದಕ್ಕೆ ಸಾಕ್ಷಿಯಿದೆ. ಬಸ್ಸು ತಪ್ಪೀತೆಂದು ಎಬ್ಬಿಸಿದವರು ಅವರೇ.